ಫ್ರಾನ್ಸಿನ ಕಾಲುವೆಯಲ್ಲಿ ಒಂದು ದಿನ ದೋಣಿ ಪಯಣ: ಪದೇ ಪದೇ ಕೇಳುವ ಪ್ರಶ್ನೆಗಳು

ಟುಲೂಸ್‌ನಲ್ಲಿ ವಿಮಾನದ ಕೆಲಸಕ್ಕೆಂದು ಬಂದಿರುವ ಕನ್ನಡದವರ ಮನೆಗಳಲ್ಲಿ ಬೇಸಿಗೆ ಬಂದರೆ ಒಂದೇ ಮಾತು. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಪ್ಯಾರಿಸ್ ಆಯ್ತು, ಐಫೆಲ್ ಗೋಪುರ ಆಯ್ತು, ಇನ್ನೇನು ತೋರಿಸೋದು? ಊರ ನಡುವೆಯೇ ಹರಿಯುವ ಕನಾಲ್ ದು ಮಿದಿ ಎಂಬ ಕಾಲುವೆಯನ್ನು ನಾನು ತೋರಿಸುತ್ತೇನೆ. ಅಲ್ಲಿಂದ ಪ್ರಶ್ನೆಗಳು ಶುರುವಾಗುತ್ತವೆ. ಫೋನಿನಲ್ಲಿ, ಪತ್ರದಲ್ಲಿ, ಯಾರದೋ ಮನೆಯ ಊಟದ ಹೊತ್ತಿನಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಮೊದಮೊದಲು ಸುಲಭದ್ದು, ಕೆಳಗೆ ಹೋದಂತೆ ಸ್ವಲ್ಪ ತಲೆ ಓಡಿಸಬೇಕಾದ್ದು. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಹೋಗಬೇಕಾ ಬೇಡವಾ ಅನ್ನುವವರಿಗೆ

ಇದು ನಮ್ಮ ವಿಸಿ ನಾಲೆ ತರಾನಾ? ಹೊಲಕ್ಕೆ ನೀರು ಬಿಡೋ ನಾಲೆಯಲ್ಲಿ ದೋಣಿ ಹೇಗೆ ಓಡುತ್ತೆ?

ನೋಡೋಕೆ ಸ್ವಲ್ಪ ಹಾಗೇ ಕಾಣುತ್ತೆ, ಆದರೆ ಉದ್ದೇಶ ಬೇರೆ. ಇದನ್ನು ತೋಡಿದ್ದು ಹೊಲಕ್ಕಲ್ಲ, ಸರಕು ಸಾಗಿಸೋಕೆ. ಗೋಧಿ, ವೈನ್, ಉಪ್ಪು, ಟಪಾಲು, ಜನ, ಎಲ್ಲ ಇದರ ಮೇಲೇ ಹೋಗುತ್ತಿತ್ತು. ದಡದ ಮೇಲೆ ಕುದುರೆ ನಡೆಯುತ್ತಿತ್ತು, ಹಗ್ಗದಲ್ಲಿ ದೋಣಿ ಹಿಂದೆ ಬರುತ್ತಿತ್ತು. 1857ರಲ್ಲಿ ರೈಲು ಬಂತು, ಕಾಲುವೆಯ ವ್ಯಾಪಾರ ಸೊರಗುತ್ತಾ ಹೋಯಿತು. ಈಗ ಸರಕು ದೋಣಿ ಇಲ್ಲವೆನ್ನುವಷ್ಟು ಅಪರೂಪ, ಇರುವವರು ಬಹುಪಾಲು ನಮ್ಮಂಥ ವಿರಾಮದವರು. ನೀರನ್ನು ಈಗ ತೋಟ, ಹೊಲಗಳಿಗೂ ಬಳಸುತ್ತಾರೆ ಅನ್ನುವುದು ನಿಜ.

ಇನ್ನೊಂದು ವ್ಯತ್ಯಾಸ ಇದೆ. ಇಲ್ಲಿ ನೀರು ಹರಿಯುವುದೇ ಇಲ್ಲ ಅನ್ನಿಸುವಷ್ಟು ನಿಧಾನ. ಸೆಳೆತ ಇಲ್ಲ. ಎರಡು ಲಾಕ್‌ಗಳ (ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿನ ತೊಟ್ಟಿಗಳು) ನಡುವೆ ನೀರು ಮಟ್ಟಸವಾಗಿ ನಿಂತಿರುತ್ತೆ.

ಬೆಳಿಗ್ಗೆ ಟುಲೂಸ್ ಬಿಟ್ರೆ ಸಂಜೆಗೆ ಸಮುದ್ರ ಸಿಗುತ್ತಾ?

ಸಿಗಲ್ಲ. ಟುಲೂಸ್‌ನಿಂದ ಮೆಡಿಟರೇನಿಯನ್ ದಡದ ತೋ ಸರೋವರದ ತನಕ ಸುಮಾರು 240 ಕಿ.ಮೀ. ವೇಗದ ಮಿತಿ ಗಂಟೆಗೆ 8 ಕಿ.ಮೀ., ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಅದಕ್ಕಿಂತ ನಿಧಾನ. ದಡದಲ್ಲಿ ಓಡುವವರು ನಿಮ್ಮನ್ನು ದಾಟಿ ಹೋಗುತ್ತಾರೆ. ಹಿಂದಿನ ಕಾಲದ ಟಪಾಲು ದೋಣಿಗೇ ಟುಲೂಸ್‌ನಿಂದ ಕಡಲ ಬಳಿಯ ಆಗ್ದ್ ಊರಿಗೆ ನಾಲ್ಕು ದಿನ ಹಿಡಿಯುತ್ತಿತ್ತು, ಅದೂ ಕುದುರೆ ಬದಲಿಸುತ್ತಾ.

ಇಲ್ಲಿ ದಿನದ ಲೆಕ್ಕ ಕಿಲೋಮೀಟರ್‌ನಲ್ಲಿ ಹಾಕಬೇಡಿ, ಲಾಕ್‌ನಲ್ಲಿ ಹಾಕಿ. ಒಂದು ಲಾಕ್‌ಗೆ ಕಾಲು ಗಂಟೆ ಇಟ್ಟುಕೊಳ್ಳಿ. ಮುಂದೆ ಎರಡು ದೋಣಿ ಕಾಯುತ್ತಿದ್ದರೆ ಅರ್ಧ ಗಂಟೆ, ಕೆಲವೊಮ್ಮೆ ಜಾಸ್ತಿ. ಲಾಕ್ ಇಲ್ಲದ ಕಡೆ ಗಂಟೆಗೆ ಆರೇಳು ಕಿ.ಮೀ. ಸಿಕ್ಕರೆ ಸಾಕು. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಅದೇ ಧಾರಾಳ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಎಂಜಿನ್ ಆರಿಸದೆ ಹೋಗುವವರನ್ನು ನೋಡಿದ್ದೇನೆ. ಅವರು ಕಾರಿನಲ್ಲೇ ಹೋಗಬಹುದಿತ್ತು.

ಲೈಸೆನ್ಸ್ ಬೇಡ್ವಾ? ನನಗೆ ಕಾರೇ ಸರಿಯಾಗಿ ಓಡಿಸೋಕೆ ಬರಲ್ಲ.

ಬಾಡಿಗೆ ದೋಣಿಗೆ ಬೇಡ. ಬಾಡಿಗೆ ಕಂಪನಿಯವರು ಹತ್ತಿಸಿಕೊಂಡು ತೋರಿಸಿಕೊಡುತ್ತಾರೆ, ಸ್ವಲ್ಪ ದೂರ ನಿಮ್ಮ ಕೈಲೇ ಓಡಿಸುತ್ತಾರೆ, ಆಮೇಲೆ ಆ ಬಾಡಿಗೆ ಅವಧಿಗೆ ಸಾಕಾಗುವ ಒಂದು ಕಾರ್ಡ್ ಬರೆದುಕೊಡುತ್ತಾರೆ. ಅದರ ಹೆಸರು ಕಾರ್ತ್ ದ ಪ್ಲೆಜಾನ್ಸ್. ಗಂಟೆ ಲೆಕ್ಕದಲ್ಲಿ ಸಿಗುವ ಪುಟ್ಟ ಎಲೆಕ್ಟ್ರಿಕ್ ದೋಣಿಗಳಿಗೆ ಅದೂ ಬೇಕಿಲ್ಲ. 4.5 ಕಿಲೋವಾಟ್‌ಗಿಂತ ಕಡಿಮೆ ಶಕ್ತಿಯ ಎಂಜಿನ್‌ಗೆ ಫ್ರಾನ್ಸಿನಲ್ಲಿ ಪರವಾನಗಿ ಕೇಳುವುದಿಲ್ಲ.

ಕಾರು ಓಡಿಸಿ ರೂಢಿ ಇರುವವರಿಗೇ ಮೊದಲ ಅರ್ಧ ಗಂಟೆ ಕಷ್ಟ. ಚಕ್ರ ತಿರುಗಿಸಿದ ಕೂಡಲೇ ದೋಣಿ ತಿರುಗಲ್ಲ. ತಿರುಗಲಿಲ್ಲ ಅಂತ ಇನ್ನಷ್ಟು ತಿರುಗಿಸುತ್ತಾರೆ, ಆಗ ಒಮ್ಮೆಗೇ ತಿರುಗಿ ದಡಕ್ಕೆ ಮೂಗು ಹೊಡೆಯುತ್ತೆ. ಸ್ವಲ್ಪ ತಿರುಗಿಸಿ, ಮೂರು ಎಣಿಸಿ, ಮತ್ತೆ ನೇರ ಮಾಡಿ. ಬ್ರೇಕ್ ಇಲ್ಲ, ನಿಲ್ಲಿಸಬೇಕಾದರೆ ಹಿಂದಕ್ಕೆ ಗೇರ್ ಹಾಕಬೇಕು. ಎದುರು ದೋಣಿ ಬಂದರೆ ನಮ್ಮೂರಿನ ಹಾಗೆ ಎಡಕ್ಕೆ ಹೋಗಬೇಡಿ, ಬಲಕ್ಕೆ ಸರಿಯಬೇಕು.

ಅಮ್ಮನಿಗೆ ಮಂಡಿ ನೋವು, ನನಗೆ ಈಜು ಬರಲ್ಲ, ಮಗುವಿಗೆ ನಾಲ್ಕು ವರ್ಷ. ಬರಬಹುದಾ?

ಬರಬಹುದು. ಕಾಲುವೆಯ ಆಳ ಸುಮಾರು 2 ಮೀಟರ್, ಅಗಲ ಹದಿನಾರರಿಂದ ಇಪ್ಪತ್ತು ಮೀಟರ್. ಅಲೆ ಇಲ್ಲ, ವಾಂತಿ ಬರಲ್ಲ. ಆದರೆ ಎರಡು ಮೀಟರ್ ನೀರು ಮುಳುಗೋಕೆ ಧಾರಾಳವಾಗಿ ಸಾಕು. ದೋಣಿಯಲ್ಲಿ ಲೈಫ್ ಜಾಕೆಟ್ ಕೊಟ್ಟಿರುತ್ತಾರೆ, ಮಗುವಿಗೆ ಮೈಮೇಲೆ ಹಾಕಿಯೇ ಡೆಕ್‌ಗೆ ಬಿಡಿ. ಈಜು ಬರದ ದೊಡ್ಡವರಿಗೂ ಅದೇ ಮಾತು, ಮುಖ್ಯವಾಗಿ ಲಾಕ್ ಒಳಗೆ.

ಮಂಡಿ ನೋವಿನವರಿಗೆ ತೊಂದರೆ ಆಗುವುದು ನೀರಿನಲ್ಲಲ್ಲ, ಹತ್ತಿ ಇಳಿಯುವಾಗ. ಕೆಲವು ದೋಣಿಗಳಲ್ಲಿ ಒಳಗಿಂದ ಹೊರಗೆ ಬರಲು ಕಡಿದಾದ ನಾಲ್ಕು ಮೆಟ್ಟಿಲು. ಬುಕ್ ಮಾಡುವ ಮೊದಲು "ಒಂದೇ ಮಟ್ಟದ ದೋಣಿ ಇದೆಯಾ?" ಎಂದು ಕೇಳಿ, ಇರುತ್ತವೆ. ಇಲ್ಲದಿದ್ದರೆ ಅಮ್ಮನನ್ನು ಚಾಲಕನಿರುವ ಪ್ರಯಾಣಿಕರ ದೋಣಿಯಲ್ಲಿ ಕೂರಿಸಿ. ಬೆಜಿಯೆ, ಕಾರ್ಕಸೋನ್, ಟುಲೂಸ್ ಮೂರೂ ಕಡೆ ಅಂಥವು ಓಡುತ್ತವೆ.

ಯಾವ ತಿಂಗಳಲ್ಲಿ ಬರಲಿ?

ಮೇ, ಜೂನ್, ಸೆಪ್ಟೆಂಬರ್. ಜುಲೈ ಆಗಸ್ಟ್‌ನಲ್ಲಿ ಬಿಸಿಲು, ಜನ, ಬಾಡಿಗೆ ಮೂರೂ ಜಾಸ್ತಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ರಿಪೇರಿಗೆಂದು ಕಾಲುವೆ ಬಹುಪಾಲು ಮುಚ್ಚಿರುತ್ತದೆ, ಕೆಲವು ಕಡೆ ನೀರನ್ನೇ ಖಾಲಿ ಮಾಡುತ್ತಾರೆ. ಮೇ 1ರಂದು ಲಾಕ್‌ಗಳಿಗೆ ರಜೆ, ಆ ದಿನ ಇಟ್ಟುಕೊಳ್ಳಬೇಡಿ.

ಎಷ್ಟು ಖರ್ಚಾಗುತ್ತೆ? ದರ ನೋಡಿದ್ರೆ ಕಮ್ಮಿ ಅನ್ನಿಸುತ್ತೆ, ಆಮೇಲೆ ಏರುತ್ತಂತೆ?

ಏರುತ್ತೆ. ಬಾಡಿಗೆಯ ಮೇಲೆ ಡೀಸೆಲ್ ಇದೆ. ಅದನ್ನು ಎಂಜಿನ್ ಓಡಿದ ಗಂಟೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಠೇವಣಿ ಅಥವಾ ಅದರ ಬದಲು ವಿಮೆ ಇದೆ. ಸೈಕಲ್, ಕಾರು ನಿಲ್ಲಿಸುವ ಜಾಗ, ಕೊನೆಯ ಶುಚಿ ಕೆಲಸ, ಹತ್ತಿದ ಕಡೆ ಬಿಟ್ಟು ಇನ್ನೊಂದು ಕಡೆ ಇಳಿದರೆ ಅದರ ಶುಲ್ಕ ಎಲ್ಲ ಬೇರೆ ಬೇರೆ. ಎಲ್ಲ ಸೇರಿಸಿ ಒಂದೇ ಮೊತ್ತ ಬರೆದು ಕೊಡಿ ಎಂದು ಮೊದಲೇ ಕೇಳಿ.

ಮಲಗುವ ಕೋಣೆ ಇರುವ ದೋಣಿಗಳನ್ನು ವಾರಕ್ಕೆ, ಇಲ್ಲವೇ ಮೂರು ನಾಲ್ಕು ದಿನಕ್ಕೆ ಕೊಡುತ್ತಾರೆ. ಲೆ ಬೋಟ್, ಲೋಕಾಬೋಟ್, ನಿಕೋಲ್ಸ್ ಇವು ದೊಡ್ಡ ಹೆಸರುಗಳು. ನಿಮಗೆ ನಿಜಕ್ಕೂ ಒಂದೇ ದಿನ ಇದ್ದರೆ ಅವುಗಳ ಗೊಡವೆ ಬೇಡ. ಹಳ್ಳಿಯ ದಡದಲ್ಲಿ ಸಿಗುವ, ಐದಾರು ಜನ ಕೂರುವ ಎಲೆಕ್ಟ್ರಿಕ್ ದೋಣಿ ತಗೊಳ್ಳಿ. ಶಬ್ದ ಇಲ್ಲ, ಹೊಗೆ ಇಲ್ಲ, ಮೇಜು ಇರುತ್ತೆ, ಬುತ್ತಿ ಬಿಚ್ಚಬಹುದು.

## ಹೊಟ್ಟೆಪಾಡು ಮತ್ತಿತರ ವಿಷಯ

ನಾವು ಸಸ್ಯಾಹಾರಿಗಳು. ದೋಣಿಯಲ್ಲೇ ಅನ್ನ ಸಾರು ಮಾಡ್ಕೋಬಹುದಾ? ಊರಿಂದ ಏನೇನು ತರಲಿ?

ಮಲಗುವ ದೋಣಿಗಳಲ್ಲಿ ಗ್ಯಾಸ್ ಒಲೆ, ಪುಟ್ಟ ಫ್ರಿಜ್, ಪಾತ್ರೆ ಪಗಡ ಎಲ್ಲ ಇರುತ್ತೆ. ಕುಕ್ಕರ್ ನಿಮ್ಮದು ತಂದುಕೊಳ್ಳಿ. ಸಂಜೆಯ ಹೊತ್ತು ನಾಲ್ಕು ದೋಣಿ ಕಟ್ಟಿರುವ ಕಡೆ ಸೀಟಿ ಕೂಗಿದರೆ ಅಕ್ಕಪಕ್ಕದವರು ಎದ್ದು ಬರುತ್ತಾರೆ, ಅದೂ ಒಂದು ಪರಿಚಯ. ಮಿಕ್ಸಿ ಮರೆತುಬಿಡಿ. ದಡದ ವಿದ್ಯುತ್ತಿಗೆ ತಂತಿ ಸಿಕ್ಕಿಸಿದಾಗ ಬಿಟ್ಟರೆ ಮಿಕ್ಸಿ ಓಡುವಷ್ಟು ಕರೆಂಟ್ ಸಾಮಾನ್ಯವಾಗಿ ಇರಲ್ಲ. ಚಟ್ನಿಯ ಬದಲು ಚಟ್ನಿಪುಡಿ, ಹುಳಿಪುಡಿ, ಗೊಜ್ಜವಲಕ್ಕಿ, ಉಪ್ಪಿನಕಾಯಿ.

ಇಲ್ಲಿ ಒಂದು ಎಚ್ಚರಿಕೆ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ಮನೆ ತುಪ್ಪವೂ ಇಲ್ಲ, ಧಾರವಾಡ ಪೇಡವೂ ಇಲ್ಲ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣನ್ನೂ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಮಾತ್ರ ಆ ಪ್ರಮಾಣಪತ್ರ ಬೇಡ. ಬೆಣ್ಣೆ ಇಲ್ಲೇ ಕೊಂಡು ಕಾಯಿಸಿಕೊಳ್ಳಿ. ಫ್ರೆಂಚ್ ಬೆಣ್ಣೆಯ ತುಪ್ಪ ತಿಂದವರು ಯಾರೂ ದೂರಿಲ್ಲ.

ಹಳ್ಳಿ ಅಂಗಡಿಗಳು ಮಧ್ಯಾಹ್ನ ಎರಡು ಮೂರು ಗಂಟೆ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಸಿಗುವುದು ಕಷ್ಟ, ಸೋಮವಾರವೂ ಹಲವು ಮುಚ್ಚಿರುತ್ತವೆ. ಬ್ರೆಡ್ ಬೆಳಿಗ್ಗೆಯೇ ತಗೊಳ್ಳಿ. ಹೋಟೆಲಿನಲ್ಲಿ "ಮಾಂಸ ಬೇಡ" ಅಂದರೆ ಮೀನು ತಂದಿಡುವುದುಂಟು. ಮಾಂಸವೂ ಬೇಡ, ಮೀನೂ ಬೇಡ ಎಂದು ಎರಡನ್ನೂ ಬಿಡಿಸಿ ಹೇಳಿ.

ಟಾಯ್ಲೆಟ್‌ನಲ್ಲಿ ನೀರು ಇರುತ್ತಾ? ಚೊಂಬು ತಗೊಂಡು ಹೋಗ್ಬೇಕಾ?

ತಗೊಂಡು ಹೋಗಿ. ದೋಣಿಯ ಟಾಯ್ಲೆಟ್‌ನಲ್ಲಿ ಕೈಪಂಪು ಇಲ್ಲವೇ ಗುಂಡಿ ಒತ್ತಿದರೆ ಓಡುವ ಪಂಪು ಇರುತ್ತೆ, ತೊಳೆಯುವ ಪೈಪು ಇರಲ್ಲ. ಬೇರೆ ಏನನ್ನೂ ಅದಕ್ಕೆ ಹಾಕಬೇಡಿ, ಕಟ್ಟಿಕೊಂಡರೆ ದಿನ ಹಾಳು. ಸಿಹಿನೀರಿನ ಟ್ಯಾಂಕ್ ಮಿತಿ ಇರುವುದು. ಎಲ್ಲರೂ ಬೆಳಿಗ್ಗೆ ತಲೆಗೆ ಸ್ನಾನ ಅಂತ ನಿಂತರೆ ಕೊನೆಯವರಿಗೆ ಸೋಪು ಮೈಮೇಲೇ ಉಳಿಯುತ್ತೆ. ಬಂದರುಗಳಲ್ಲಿ ನಲ್ಲಿ ಇರುತ್ತೆ, ಕಂಡ ಕಡೆ ತುಂಬಿಸಿಕೊಳ್ಳಿ.

ಕಾಲುವೆಯ ನೀರಲ್ಲಿ ಮಾತ್ರ ಇಳಿಯಬೇಡಿ. ಈಜು ನಿಷೇಧ. ದೋಣಿಗಳ ಪಾತ್ರೆ ತೊಳೆದ ನೀರು ಹೋಗುವುದು ಅಲ್ಲಿಗೇ ಎಂದರೆ ಸಾಕು ಅಲ್ವಾ.

## ಆ ಒಂದು ದಿನ

ಒಂದೇ ದಿನ ಇದೆ. ಯಾವ ಭಾಗಕ್ಕೆ ಹೋಗಲಿ?

ಟುಲೂಸ್‌ನಿಂದಲೇ ಹತ್ತಬೇಡಿ. ಊರು ದಾಟಿದ ಮೇಲೂ ಬಹಳ ದೂರ ಹೆದ್ದಾರಿ ಪಕ್ಕದಲ್ಲೇ ಬರುತ್ತೆ, ಲಾರಿಗಳ ಸದ್ದು ತಪ್ಪಲ್ಲ. ರೈಲಿನಲ್ಲಿ ನಾರ್ಬೋನ್‌ಗೆ ಹೋಗಿ, ಅಲ್ಲಿಂದ ಟ್ಯಾಕ್ಸಿ ಹಿಡಿದು ಲ ಸೊಮಾಯ್ ಎಂಬ ಹಳ್ಳಿ ಸೇರಿ.

ಯಾಕೆ ಅಲ್ಲಿ ಅಂದರೆ, ಅರ್ಜಾನ್ಸ್ ಎಂಬಲ್ಲಿಂದ ಬೆಜಿಯೆ ಊರಿನ ಅಂಚಿನವರೆಗೆ ಸುಮಾರು 54 ಕಿ.ಮೀ. ಒಂದೇ ಒಂದು ಲಾಕ್ ಇಲ್ಲ. ಇಡೀ ಕಾಲುವೆಯಲ್ಲಿ ಅಷ್ಟು ಉದ್ದದ ಸಮತಟ್ಟು ಇನ್ನೊಂದಿಲ್ಲ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಲ ಸೊಮಾಯ್ ಈ ಸಮತಟ್ಟಿನ ನಡುವೆ ಇದೆ. ಟಪಾಲು ದೋಣಿಯ ಪ್ರಯಾಣಿಕರು ರಾತ್ರಿ ತಂಗುತ್ತಿದ್ದ ಜಾಗ ಇದು. ಗೂನು ಬೆನ್ನಿನ ಕಲ್ಲಿನ ಸೇತುವೆ, ಅದರ ತಲೆಗೆ ಪುಟ್ಟ ಪ್ರಾರ್ಥನಾ ಮಂದಿರ, ಹಳೇ ಛತ್ರದ ಕಟ್ಟಡ, ಎಲ್ಲ ಅಲ್ಲೇ ಇವೆ. ಹಳೇ ಪುಸ್ತಕದ ದೊಡ್ಡ ಅಂಗಡಿಯೂ ಇದೆ. ಮೊದಲೇ ಅದರೊಳಗೆ ಹೋದರೆ ದೋಣಿ ತಪ್ಪುತ್ತೆ, ವಾಪಸ್ ಬಂದಮೇಲೆ ಹೋಗಿ.

ಅಲ್ಲಿ ದಿನದ ದೋಣಿ ತಗೊಂಡು ಪಶ್ಚಿಮಕ್ಕೆ ತಿರುಗಿ. ಐದು ಕಿ.ಮೀ.ಗೆ ವಾಂತನಾಕ್. ನೀರಿನ ಅಂಚಿಗೇ ಕೋಟೆಯಂಥ ಕಟ್ಟಡ, ಅದು ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘದ ವೈನ್ ಉಗ್ರಾಣ. ಇನ್ನೂ ಒಂದೆರಡು ಕಿ.ಮೀ. ಹೋದರೆ ರೆಪುದ್ರ್ ಮೇಲ್ಗಾಲುವೆ. 1676ರಲ್ಲಿ ಕಟ್ಟಿದ್ದು. ಕೆಳಗೆ ರೆಪುದ್ರ್ ಹೊಳೆ, ಮೇಲೆ ಕಲ್ಲಿನ ಕಮಾನು, ಕಮಾನಿನ ಮೇಲೆ ಕಾಲುವೆ, ಕಾಲುವೆಯಲ್ಲಿ ನೀವು. ದೋಣಿಯಿಂದ ನೋಡಿದರೆ ಕಾಲುವೆ ಸ್ವಲ್ಪ ಕಿರಿದಾಯಿತು ಅಷ್ಟೇ, ಏನೂ ಗೊತ್ತಾಗಲ್ಲ. ಆದ್ದರಿಂದ ದಾಟಿದ ಮೇಲೆ ದಡಕ್ಕೆ ಕಟ್ಟಿ, ಇಳಿದು, ಪಕ್ಕದಿಂದ ಕೆಳಗೆ ಹೋಗಿ ನೋಡಿ. ತಲೆಯ ಮೇಲೆ ಇನ್ನೊಂದು ದೋಣಿ ಹಾದುಹೋಗುವುದನ್ನು ಕಂಡಾಗಲೇ ಮಕ್ಕಳಿಗೆ ಅರ್ಥವಾಗುವುದು. ಮುಂದಿನ ಊರು ಪರಾಜಾ. ಅಲ್ಲಿಂದ ತಿರುಗಿದರೆ ಹೋಗಿ ಬರುವ ದಾರಿ ಸುಮಾರು 18 ಕಿ.ಮೀ., ಊಟ, ನಿದ್ದೆ ಎಲ್ಲ ಸೇರಿ ಒಂದು ದಿನಕ್ಕೆ ಸರಿಹೋಗುತ್ತೆ.

ಮಲಗುವ ದೋಣಿ ಇದ್ದರೆ ಪೂರ್ವಕ್ಕೆ ಹೋಗಿ. ಮೊದಲು ಸೆಸ್ ನದಿಯ ಮೇಲ್ಗಾಲುವೆ, ಆಮೇಲೆ ಗುಡ್ಡದ ಮೈಯನ್ನು ಬಳಸಿ ಬಳಸಿ ಕಾಪೆಸ್ತಾಂಗ್‌ವರೆಗೆ ಒಟ್ಟು ಸುಮಾರು 22 ಕಿ.ಮೀ. ರಾತ್ರಿ ಅಲ್ಲಿ ತಂಗಿ, ಬೆಳಿಗ್ಗೆ ಮಾಲ್ಪಾ ಸುರಂಗ. ಕಾಪೆಸ್ತಾಂಗ್ ಸೇತುವೆಯ ಕಮಾನು ಬಹಳ ತಗ್ಗು. ಮೇಲಿನ ಡೆಕ್‌ನಲ್ಲಿ ಕೂತವರು ಕೆಳಗಿಳಿಯಬೇಕು, ಬಿಸಿಲಿನ ಕೊಡೆ ಮಡಚಬೇಕು. ಬಾಡಿಗೆಯವರು ಹೇಳಿರುತ್ತಾರೆ, ಫೋಟೋ ತೆಗೆಯುವ ಭರದಲ್ಲಿ ಜನ ಮರೆಯುತ್ತಾರೆ.

ನಾಲ್ಕೈದು ಗಂಟೆ ಸುಮ್ನೆ ಕೂತಿರೋದಾ? ಬೋರ್ ಆಗಲ್ವಾ?

ಕೆಲವರಿಗೆ ಆಗುತ್ತೆ. ಅದನ್ನು ಮುಚ್ಚಿಡುವುದು ಯಾಕೆ? ಹತ್ತಿದ ಒಂದು ಗಂಟೆಗೇ "ಮುಂದೇನು?" ಅನ್ನುವವರಿಗೆ ಕಾರ್ಕಸೋನ್ ಕೋಟೆಯೇ ಸರಿ.

ಆದರೆ ಸುಮ್ನೆ ಕೂರಲೇಬೇಕು ಅಂತೇನೂ ಇಲ್ಲ. ಎರಡು ಸೈಕಲ್ ಹಾಕಿಕೊಳ್ಳಿ. ಹಿಂದೆ ಕುದುರೆ ನಡೆದ ದಡದ ದಾರಿಯಲ್ಲಿ ಹುಡುಗರು ಸೈಕಲ್ ತುಳಿಯುತ್ತಾ ದೋಣಿಯ ಜತೆಗೇ ಬರಬಹುದು, ಮುಂದೆ ಹೋಗಿ ಬ್ರೆಡ್ ತರಬಹುದು. 1787ರ ಮೇ ತಿಂಗಳಲ್ಲಿ ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್ ಇದೇ ಕಾಲುವೆಯಲ್ಲಿ ಬಂದಿದ್ದರು. ತಮ್ಮ ಕುದುರೆ ಗಾಡಿಯ ಚಕ್ರ ಕಳಚಿಸಿ ಗಾಡಿಯನ್ನೇ ದೋಣಿಯ ಮೇಲೆ ಇಡಿಸಿಕೊಂಡು, ಗಾಜಿನ ಕಿಟಕಿಯೊಳಗಿಂದ ನೋಡುತ್ತಾ, ಬೇಸರವಾದಾಗ ಇಳಿದು ದಡದಲ್ಲಿ ನಡೆಯುತ್ತಾ ಹೋದರಂತೆ. ಇವತ್ತಿಗೂ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗೆ ಕಂಡಿಲ್ಲ.

ಮರಗಳನ್ನೆಲ್ಲ ಕಡಿದುಬಿಟ್ಟಿದ್ದಾರಂತೆ? ಫೋಟೋದಲ್ಲಿ ನೋಡಿದ ಹಾಗೆ ಇರುತ್ತಾ?

ಎಲ್ಲ ಕಡೆ ಇರಲ್ಲ. ಎರಡೂ ದಡದಲ್ಲಿ ಪ್ಲೇನ್ ಎಂಬ ನೆರಳಿನ ಮರಗಳು ಸುಮಾರು 42,000 ಇದ್ದವು. 2006ರಲ್ಲಿ ಕಾರ್ಕಸೋನ್ ಹತ್ತಿರ ಅವಕ್ಕೆ ಒಂದು ಶಿಲೀಂಧ್ರ ರೋಗ ಬಂದಿರುವುದು ಗೊತ್ತಾಯಿತು. ಮರದೊಳಗೆ ನೀರು ಏರುವ ನಾಳಗಳನ್ನು ಅದು ಕಟ್ಟಿಬಿಡುತ್ತೆ, ಮರ ನಿಂತಲ್ಲೇ ಒಣಗುತ್ತೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜತೆ ಇದು ಫ್ರಾನ್ಸಿಗೆ ಬಂತು ಎನ್ನುತ್ತಾರೆ. ಔಷಧಿ ಇಲ್ಲ. ಕಡಿದು ಸುಡುವುದೊಂದೇ ದಾರಿ. ಅರ್ಧಕ್ಕಿಂತ ಜಾಸ್ತಿ ಮರಗಳು ಹೋಗಿವೆ. ಆ ಜಾಗದಲ್ಲಿ ರೋಗ ತಾಳುವ ಪ್ಲೇನ್ ತಳಿ, ಓಕ್ ಮುಂತಾದವನ್ನು ನೆಡುತ್ತಿದ್ದಾರೆ. ನೆರಳು ಬರೋಕೆ ಇನ್ನೂ ವರ್ಷಗಳು ಬೇಕು. ಟೋಪಿ ತನ್ನಿ.

ದೋಣಿಯನ್ನು ಮರಕ್ಕೆ ಕಟ್ಟಬಾರದು ಎಂಬ ನಿಯಮ ಇದಕ್ಕೇ. ಹಗ್ಗ ಉಜ್ಜಿದ ಗಾಯ, ದೋಣಿ ಬೇರಿಗೆ ತಾಗಿದ ಗಾಯ ಸಾಕು, ನೀರಿನಲ್ಲಿರುವ ರೋಗ ಒಳಗೆ ಹೋಗೋಕೆ. ದೋಣಿಯಲ್ಲಿ ಕಬ್ಬಿಣದ ಗೂಟ, ಸುತ್ತಿಗೆ ಕೊಟ್ಟಿರುತ್ತಾರೆ. ನೆಲಕ್ಕೆ ಹೊಡೆದು ಅದಕ್ಕೆ ಕಟ್ಟಿ. ಸೈಕಲ್ ದಾರಿಗೆ ಅಡ್ಡ ಹಗ್ಗ ಎಳೆಯಬೇಡಿ.

## ಲಾಕ್ ದಾಟುವುದು

ಲಾಕ್ ಅಂದ್ರೆ ನಿಜವಾಗಿ ಏನು? ದೋಣಿ ಗುಡ್ಡ ಹೇಗೆ ಹತ್ತುತ್ತೆ?

ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಮೇಲಕ್ಕೆ ಹೋಗಬೇಕಾದವರು ಕೆಳಗಿನ ಬಾಗಿಲಿಂದ ಒಳಗೆ ಹೋಗುತ್ತಾರೆ. ಹಿಂದೆ ಬಾಗಿಲು ಮುಚ್ಚುತ್ತೆ. ಮುಂದಿನ ಬಾಗಿಲಿನ ಕಿಂಡಿ ತೆರೆದು ಮೇಲಿನ ನೀರನ್ನು ತೊಟ್ಟಿಗೆ ಬಿಡುತ್ತಾರೆ. ನೀರಿನ ಜತೆ ದೋಣಿ ಏರುತ್ತೆ. ಮಟ್ಟ ಸಮವಾದ ಮೇಲೆ ಮುಂದಿನ ಬಾಗಿಲು ತೆರೆಯುತ್ತೆ, ಹೊರಟುಹೋಗುವುದು. ಇಳಿಯುವಾಗ ಇದೇ ಉಲ್ಟಾ. ಪಂಪು ಗಿಂಪು ಏನೂ ಇಲ್ಲ, ನೀರಿನ ಭಾರವೇ ಎಲ್ಲ ಮಾಡುತ್ತೆ.

ಮಿದಿ ಕಾಲುವೆಯ ಹಳೇ ಲಾಕ್‌ಗಳು ಮೊಟ್ಟೆಯಾಕಾರ, ನಡುವೆ ಉಬ್ಬಿರುತ್ತವೆ. ಮೊದಲು ನೇರ ಗೋಡೆಯದೊಂದನ್ನು ಕಟ್ಟಿದ್ದರು, ಹೊರಗಿನ ಮಣ್ಣಿನ ಒತ್ತಡಕ್ಕೆ ಕುಸಿಯಿತು. ಕಮಾನನ್ನು ಮಲಗಿಸಿದ ಹಾಗೆ ಗೋಡೆ ಬಾಗಿಸಿ ಕಟ್ಟಿದ ಮೇಲೆ ನಿಂತಿತು. ನೋಡೋಕೆ ಚೆಂದ, ಓಡಿಸುವವರಿಗೆ ಸ್ವಲ್ಪ ತಕರಾರು. ಗೋಡೆ ನೇರ ಇಲ್ಲದ್ದರಿಂದ ದೋಣಿ ಅದಕ್ಕೆ ಒರಗಿ ನಿಲ್ಲಲ್ಲ.

ಲಾಕ್ ಒಳಗೆ ಯಾರು ಏನು ಮಾಡಬೇಕು? ಹಗ್ಗ ಗೂಟಕ್ಕೆ ಗಟ್ಟಿಯಾಗಿ ಕಟ್ಟಿಬಿಟ್ರೆ ಆಯ್ತಲ್ವಾ?

ಕಟ್ಟಲೇಬಾರದು. ಲಾಕ್‌ನ ಮೊದಲ ನಿಯಮ ಇದು. ಇಳಿಯುವಾಗ ನೀರು ಕೆಳಗೆ ಹೋಗುತ್ತಾ ಇರುತ್ತೆ, ಗಂಟು ಹಾಕಿದ ಹಗ್ಗ ದೋಣಿಯನ್ನು ಹಿಡಿದು ನೇತುಹಾಕಿಬಿಡುತ್ತೆ. ಗೂಟಕ್ಕೆ ಒಂದು ಸುತ್ತು ಹಾಕಿ, ತುದಿ ಕೈಯಲ್ಲಿ ಹಿಡಿದು, ಏರುವಾಗ ಎಳೆದುಕೊಳ್ಳುತ್ತಾ, ಇಳಿಯುವಾಗ ಬಿಡುತ್ತಾ ಇರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ.

ಏರುವಾಗ ಲಾಕ್‌ಗೆ ಸ್ವಲ್ಪ ಮೊದಲೇ ಒಬ್ಬರನ್ನು ದಡಕ್ಕೆ ಇಳಿಸಿ. ಅವರು ನಡೆದು ಮೇಲೆ ನಿಲ್ಲಲಿ. ಒಳಗೆ ಹೋದಾಗ ನಿಮ್ಮ ಎರಡೂ ಬದಿ ಪಾಚಿ ಹಿಡಿದ, ನೀರು ಜಿನುಗುವ ಗೋಡೆ. ತಣ್ಣಗೆ, ಬಾವಿಯ ವಾಸನೆ. ಮೇಲೆ ನಿಂತವರ ಚಪ್ಪಲಿ ಮಾತ್ರ ಕಾಣುತ್ತೆ. ಮೊದಲು ಮುಂದಿನ ಹಗ್ಗ ಎಸೆಯಿರಿ, ಆಮೇಲೆ ಹಿಂದಿನದು. ಅವರು ಗೂಟ ಬಳಸಿ ತುದಿಯನ್ನು ನಿಮಗೇ ವಾಪಸ್ ಎಸೆಯುತ್ತಾರೆ. ಕಿಂಡಿ ತೆರೆದ ಕೂಡಲೇ ನೀರು ಭೋರ್ ಎಂದು ನುಗ್ಗಿ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತೆ, ಆ ಒಂದು ನಿಮಿಷ ಮುಂದಿನ ಹಗ್ಗದವರ ಕೈಯಲ್ಲಿ ಎಲ್ಲ ಇದೆ. ಗಟ್ಟಿಮುಟ್ಟಾದವರನ್ನು ಅಲ್ಲಿ ನಿಲ್ಲಿಸಿ. ದೋಣಿಗೂ ಗೋಡೆಗೂ ನಡುವೆ ಕಾಲು, ಕೈ ಕೊಟ್ಟು ತಡೆಯೋಕೆ ಹೋಗಬೇಡಿ. ಸುತ್ತ ರಬ್ಬರ್ ಚೆಂಡುಗಳು ನೇತಾಡುವುದು ಅದಕ್ಕೇ.

ಊಟದ ಹೊತ್ತಲ್ಲಿ ಲಾಕ್ ಮುಚ್ಚುತ್ತಾರಂತೆ, ನಿಜಾನಾ?

ನಿಜ. ಮಿದಿ ಕಾಲುವೆಯಲ್ಲಿ ಸಾಮಾನ್ಯವಾಗಿ ಹನ್ನೆರಡೂವರೆಯಿಂದ ಒಂದೂವರೆವರೆಗೆ ಬಿಡುವು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ತೆರೆಯಲ್ಲ, ಸಂಜೆ ಮುಚ್ಚುವ ವೇಳೆ ತಿಂಗಳಿಗೆ ತಕ್ಕಂತೆ ಬದಲಾಗುತ್ತೆ. ಕತ್ತಲಾದ ಮೇಲೆ ಬಾಡಿಗೆ ದೋಣಿ ಓಡಿಸುವಂತಿಲ್ಲ. ನಮ್ಮವರು ಇದನ್ನು ಕೇಳಿ ಗೊಣಗುತ್ತಾರೆ. ನನಗಂತೂ ಇಡೀ ವ್ಯವಸ್ಥೆಯಲ್ಲಿ ಇದೇ ಇಷ್ಟ. ಹನ್ನೆರಡೂಕಾಲಿಗೆ ಲಾಕ್ ಮುಂದೆ ದೋಣಿ ಕಟ್ಟಿ, ಉಂಡು, ಕಣ್ಣು ಮುಚ್ಚಿ.

ಲಾಕ್ ಕಾಯುವವರಲ್ಲಿ ಕೆಲವರು ತಮ್ಮ ಮನೆ ಮುಂದೆ ಮೊಟ್ಟೆ, ತರಕಾರಿ, ಜೇನುತುಪ್ಪ ಮಾರುತ್ತಾರೆ. ಪ್ಯುಯಿಷೆರಿಕ್ ಹತ್ತಿರದ ಎಗ್ಯುಯಿ ಲಾಕ್‌ನಲ್ಲಂತೂ ಕಾವಲುಗಾರರೊಬ್ಬರು ಹಳೇ ಕಬ್ಬಿಣ, ಮರದ ತುಂಡುಗಳಿಂದ ಮಾಡಿದ ಬೊಂಬೆಗಳು ದಡದ ತುಂಬ ನಿಂತಿವೆ. ಬರುವಾಗ ಒಂದು "ಬೊಂಜೂರ್" ಹೇಳದೆ ನೇರ ಕೆಲಸದ ಮಾತಿಗೆ ಇಳಿದರೆ ಅವರ ಮುಖ ಬಿಗಿಯುತ್ತೆ. ಮೊದಲು ನಮಸ್ಕಾರ, ಆಮೇಲೆ ಮಾತು.

ಬೆಜಿಯೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಲಾಕ್ ಇದೆಯಂತೆ. ಹೊಸಬರು ದಾಟಬಹುದಾ?

ಫೋನ್ಸೆರಾನ್ ಅದು. ಒಂದರ ಬೆನ್ನಿಗೆ ಒಂದು 8 ಕೋಣೆ, 9 ಬಾಗಿಲು, ಒಟ್ಟು ಎತ್ತರ 21 ಮೀಟರ್‌ಗೂ ಜಾಸ್ತಿ. ಮೇಲೆ ಹೋಗೋಕೆ ಒಂದು ಹೊತ್ತು, ಕೆಳಗೆ ಇಳಿಯೋಕೆ ಒಂದು ಹೊತ್ತು ಗೊತ್ತುಮಾಡಿರುತ್ತಾರೆ, ತಪ್ಪಿದರೆ ಕಾಯಬೇಕು. ಹೊಸಬರು ದಾಟಬಹುದು, ಆದರೆ ಬೇಸಿಗೆಯಲ್ಲಿ ಎರಡೂ ಬದಿ ನೂರಾರು ಜನ ನಿಂತು ನೋಡುತ್ತಿರುತ್ತಾರೆ. ಗಂಡ ಹೆಂಡತಿ ಜಗಳಕ್ಕೆ ಅಷ್ಟು ಪ್ರೇಕ್ಷಕರು ಬೇರೆಲ್ಲೂ ಸಿಗಲ್ಲ. ಒಂದೇ ದಿನದವರು ದಡದಲ್ಲಿ ನಿಂತು ನೋಡಿ, ಅದೇ ಚೆನ್ನ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಗುಡ್ಡದ ಮೇಲಿನ ಕಾಲುವೆಗೆ ನೀರು ಎಲ್ಲಿಂದ ಬರುತ್ತೆ?

ಇಡೀ ಕಾಲುವೆಯ ಗುಟ್ಟು ಇರುವುದು ಇಲ್ಲೇ. ಟುಲೂಸ್‌ನಿಂದ ಏರುತ್ತಾ ಹೋದರೆ ನಾರೂಜ್ ಎಂಬಲ್ಲಿ ಅತಿ ಎತ್ತರದ ಜಾಗ, ಸಮುದ್ರ ಮಟ್ಟದಿಂದ 189 ಮೀಟರ್. ಅಲ್ಲಿಂದ ಒಂದು ಕಡೆ ಅಟ್ಲಾಂಟಿಕ್‌ಗೆ ಇಳಿಜಾರು, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ. ಒಂದೊಂದು ದೋಣಿ ದಾಟಿದಾಗಲೂ ಲಾಕ್‌ನಷ್ಟು ನೀರು ಕೆಳಗೆ ಹೋಗುತ್ತೆ. ಅಂದರೆ ನೆತ್ತಿಯ ಮೇಲೆ ಸದಾ ನೀರು ಸುರಿಯುತ್ತಿರಬೇಕು. ಎರಡು ಸಮುದ್ರ ಸೇರಿಸುವ ಆಸೆ ಹಿಂದಿನ ರಾಜರಿಗೂ ಇತ್ತು, ಈ ನೀರಿನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ.

ಉತ್ತರ ಹುಡುಕಿದ್ದು ಪಿಯೆರ್ ಪೋಲ್ ರಿಕೆ. ಹತ್ತಿರದ ಮೊಂತಾಞ್ ನ್ವಾರ್ ಬೆಟ್ಟದ ತೊರೆಗಳನ್ನು ಒಂದು ಕಡೆ ಕೂಡಿಸಿ, ತೋಡಿನಲ್ಲಿ ನಾರೂಜ್‌ಗೆ ತಂದ. ಬೇಸಿಗೆಗೆ ಅಂತ ಸಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿದ, 1667ರಲ್ಲಿ ಶುರುವಾಗಿ 1672ಕ್ಕೆ ಮುಗಿಯಿತು. ಕಾಲುವೆಗೆ ಇವತ್ತಿಗೂ ಅಲ್ಲಿಂದ ನೀರು ಬರುತ್ತೆ.

ರಿಕೆ ಯಾರು? ಎಂಜಿನಿಯರಾ?

ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವನು. 14ನೇ ಲೂಯಿ 1666ರಲ್ಲಿ ಅಪ್ಪಣೆ ಕೊಟ್ಟಾಗ ಅವನಿಗೆ ಐವತ್ತು ದಾಟಿತ್ತು. ಕೆಲಸ ಜೋರಾಗಿದ್ದಾಗ ಸುಮಾರು 12,000 ಜನ ದುಡಿಯುತ್ತಿದ್ದರು, ಮಣ್ಣು ಹೊರುವ ಹೆಂಗಸರೂ ಇದ್ದರು. ಮಳೆ ಬಂದ ದಿನ, ಭಾನುವಾರ, ಹಬ್ಬದ ದಿನಕ್ಕೂ ಕೂಲಿ ಕೊಡುತ್ತಿದ್ದ. ಆ ಕಾಲಕ್ಕೆ ಅದು ಕೇಳರಿಯದ ಮಾತು. ತನ್ನ ಸ್ವಂತ ಹಣವನ್ನೂ ಸುರಿದ, ಸಾಲ ಮಾಡಿದ. 1680ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಕಾಲುವೆ ತೆರೆದದ್ದು 1681ರ ಮೇ ತಿಂಗಳಲ್ಲಿ. ಸಾಲ ಮಕ್ಕಳ ತಲೆಗೆ ಬಂತು.

ಅವನ ಹಟಕ್ಕೆ ಮಾಲ್ಪಾ ಸುರಂಗವೇ ಸಾಕ್ಷಿ. ಉದುರುವ ಮರಳುಗಲ್ಲಿನ ಗುಡ್ಡ ಅಡ್ಡ ಬಂತು, ಕೆಲಸ ನಿಲ್ಲಿಸಬೇಕು ಅನ್ನುವ ಮಾತು ಬಂತು. ಅವನ ಕಡೆಯವರು ಸದ್ದಿಲ್ಲದೆ 1679ರಲ್ಲಿ ಕೊರೆದೇಬಿಟ್ಟರು. 160 ಮೀಟರ್‌ಗೆ ಸ್ವಲ್ಪ ಜಾಸ್ತಿ ಉದ್ದ. ಅದೇ ಗುಡ್ಡದ ಕೆಳಗೆ ಈಗ ರೈಲೂ ಹೋಗುತ್ತೆ. ಮೇಲೆ ಹತ್ತಿದರೆ ಮೊಂತಾದಿ ಬಯಲು ಕಾಣುತ್ತೆ. ಹದಿಮೂರನೇ ಶತಮಾನದಲ್ಲಿ ಕೆರೆಯ ನೀರು ಬಸಿದು ಹೊಲ ಮಾಡಿದ ಜಾಗ, ಬಸಿಗಾಲುವೆಗಳೆಲ್ಲ ನಡುವಿಗೆ ಸೇರುವುದರಿಂದ ಹೊಲಗಳು ಬಿಡಿಸಿದ ಕಿತ್ತಳೆ ತೊಳೆಗಳಂತೆ ಕಾಣುತ್ತವೆ.

ಗಾಳಿ ಬಂದ್ರೆ ದೋಣಿ ಹತೋಟಿ ತಪ್ಪುತ್ತಾ?

ಈ ಕಡೆ ಪಶ್ಚಿಮದಿಂದ ಬೀಸುವ ಸೆರ್ ಎಂಬ ಗಾಳಿ ಜೋರು. ಬಾಡಿಗೆ ದೋಣಿಗಳು ಎತ್ತರ, ತಳ ಚಪ್ಪಟೆ. ಗಾಳಿ ಪಕ್ಕಕ್ಕೆ ತಳ್ಳುತ್ತೆ. ನಿಧಾನ ಮಾಡಿದಷ್ಟೂ ಜಾಸ್ತಿ ತಳ್ಳುತ್ತೆ, ಯಾಕೆಂದರೆ ಎಂಜಿನ್ ನೀರು ತಳ್ಳದೆ ಇದ್ದರೆ ಚುಕ್ಕಾಣಿಗೆ ಹಿಡಿತ ಇರಲ್ಲ. ಮೂತಿಯನ್ನು ಗಾಳಿಯ ಕಡೆಗೆ ಸ್ವಲ್ಪ ಓರೆ ಹಿಡಿದು ಹೋಗಿ. ದಡಕ್ಕೆ ಕಟ್ಟುವಾಗ ಗಾಳಿಗೆ ಎದುರಾಗಿ ಬನ್ನಿ, ಗಾಳಿಯೇ ಬ್ರೇಕ್ ಆಗುತ್ತೆ. ಮರ ಬೋಳಾದ ಕಡೆ ಗಾಳಿ ಇನ್ನೂ ಜೋರು. ತೀರಾ ಜಾಸ್ತಿಯಾದರೆ ಕಟ್ಟಿ ಕೂತುಬಿಡಿ.

ಮಿದಿ ನೋಡಿ ಆಯ್ತು. ಮುಂದಿನ ಸಲ ಯಾವ ಕಾಲುವೆ?

ನನ್ನ ಮಟ್ಟಿಗೆ ನಿವರ್ನೆ. ಬರ್ಗಂಡಿ ಸೀಮೆಯಲ್ಲಿ ಓಸೆರ್‌ನಿಂದ ದೆಸಿಜ್‌ವರೆಗೆ 174 ಕಿ.ಮೀ. ಲಾಕ್‌ಗಳನ್ನು ಇನ್ನೂ ಕೈಯಲ್ಲೇ ತಿರುಗಿಸುತ್ತಾರೆ, ನೀವೂ ಇಳಿದು ಒಂದು ಬಾಗಿಲು ತಳ್ಳಿಕೊಟ್ಟರೆ ಬೇಗ ಮುಗಿಯುತ್ತೆ. ಬರ್ಗಂಡಿ ಕಾಲುವೆ 242 ಕಿ.ಮೀ., ಅದಕ್ಕೆ 189 ಲಾಕ್. ತೋಳಿನಲ್ಲಿ ಶಕ್ತಿ ಇದ್ದವರಿಗೆ. ಅದರ ನೆತ್ತಿಯಲ್ಲಿ ಪುಯಿ ಬಳಿ 3,333 ಮೀಟರ್ ಸುರಂಗ. ಬ್ರಿಯಾರ್‌ನಲ್ಲಿ ಲ್ವಾರ್ ನದಿಯ ಮೇಲೆ 662 ಮೀಟರ್ ಉದ್ದದ ಉಕ್ಕಿನ ಮೇಲ್ಗಾಲುವೆ ಇದೆ, 1896ರದು. ಅದರ ಕಲ್ಲುಕಟ್ಟಡದ ಕೆಲಸ ಐಫೆಲ್ ಕಂಪನಿಯದು. ಪೂರ್ವದ ಅರ್ಜ್‌ವಿಲೆರ್‌ನಲ್ಲಿ ದೋಣಿಯನ್ನು ನೀರು ತುಂಬಿದ ತೊಟ್ಟಿಯ ಸಮೇತ ಗುಡ್ಡದ ಮೇಲೆ ಎಳೆಯುತ್ತಾರೆ. 1969ರಲ್ಲಿ 17 ಲಾಕ್‌ಗಳ ಬದಲಿಗೆ ಅದನ್ನು ಮಾಡಿದರು.

ಒಂದು ಮಾತು. ಮಳೆ ಕಡಿಮೆಯಾದ ವರ್ಷ ಉತ್ತರದ ಕಾಲುವೆಗಳಲ್ಲಿ ನೀರು ಸಾಲದೆ ಮುಚ್ಚುವುದುಂಟು, 2022ರ ಬೇಸಿಗೆಯಲ್ಲಿ ಹಲವು ಕಡೆ ಹಾಗಾಯಿತು. ಜಲಮಾರ್ಗಗಳ ಸರ್ಕಾರಿ ಸಂಸ್ಥೆ ವಿಎನ್‌ಎಫ್ ಮುಚ್ಚಿದ ಭಾಗಗಳನ್ನು ಪ್ರಕಟಿಸುತ್ತೆ. ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ನಿವೃತ್ತಿ ಆದ್ಮೇಲೆ ಒಂದು ಹಳೇ ಪೆನಿಶ್ (ಸರಕಿನ ದೋಣಿ) ಕೊಂಡು ಅದರಲ್ಲೇ ಇದ್ದುಬಿಡೋಣ ಅಂತಿದ್ದೀವಿ. ಆಗುತ್ತಾ?

ಆಗುತ್ತೆ, ಹಾಗೆ ಇರುವವರು ಇದ್ದಾರೆ. ಆದರೆ ಬಾಡಿಗೆ ದೋಣಿಯ ಕಾರ್ಡ್ ಅಲ್ಲಿ ನಡೆಯಲ್ಲ. ಒಳನಾಡು ನೀರಿನ ಪರವಾನಗಿ ಬೇಕು. 20 ಮೀಟರ್‌ಗಿಂತ ಉದ್ದದ ದೋಣಿಗೆ ಅದರ ಮೇಲಿನ ದರ್ಜೆಯದು. ವಿಎನ್‌ಎಫ್‌ಗೆ ಶುಲ್ಕ ಕಟ್ಟಬೇಕು, ವಿಮೆ ಬೇಕು, ಖಾಯಂ ನಿಲ್ಲಿಸಲು ಜಾಗ ಬೇಕು. ಪ್ಯಾರಿಸ್‌ನಂಥ ಕಡೆ ಆ ಜಾಗ ಸಿಗುವುದೇ ದೋಣಿ ಸಿಗುವುದಕ್ಕಿಂತ ಕಷ್ಟ.

ಇನ್ನು ಅಳತೆ. ಫ್ರೆಂಚ್ ಮಂತ್ರಿ ಫ್ರೆಸಿನೆ 1879ರಲ್ಲಿ ಲಾಕ್‌ಗಳಿಗೆಲ್ಲ 39 ಮೀಟರ್ ಉದ್ದ, 5.2 ಮೀಟರ್ ಅಗಲ ಎಂದು ಗೊತ್ತುಮಾಡಿದ. ಸರಕಿನ ಪೆನಿಶ್‌ಗಳು ಅದಕ್ಕೆ ತಕ್ಕಂತೆ 38.5 ಮೀಟರ್ ಇವೆ. ಮಿದಿ ಕಾಲುವೆಯ ನಡುಭಾಗದ ಮೊಟ್ಟೆಯಾಕಾರದ ಲಾಕ್‌ಗಳು ಸುಮಾರು 30 ಮೀಟರ್ ಅಷ್ಟೇ, ಅಲ್ಲಿ ಅವು ಹಿಡಿಸಲ್ಲ. ಮಿದಿಯಲ್ಲೇ ಓಡಾಡಬೇಕು ಅಂತಿದ್ದರೆ ಮೊಟಕು ಮಾಡಿದ ದೋಣಿ ಹುಡುಕಿ. ಮಾರುವವರು ಒಳಗಿನ ಅಡುಗೆಮನೆ, ಹೊಸ ಸೋಫಾ ತೋರಿಸುತ್ತಾರೆ. ಅದನ್ನು ಬಿಟ್ಟು ದೋಣಿಯನ್ನು ನೀರಿಂದ ಮೇಲೆತ್ತಿಸಿ, ತಿಳಿದವರ ಕೈಲಿ ತಳದ ಉಕ್ಕಿನ ತಗಡು ಎಷ್ಟು ದಪ್ಪ ಉಳಿದಿದೆ ಎಂದು ಅಳೆಸಿ. ಮುಂಗಡ ಕೊಡುವುದು ಆ ವರದಿ ಕೈಗೆ ಬಂದ ಮೇಲೆ.